ಒಂಬತ್ತು ಅಂಕಿ

ಹಂಪಮ್ಮ ಚಿಕ್ಕಮ್ಮ ಅಂಕಿ ಓದುವುದು ಹೀಗೆ:
ಮೂರು ಕನ್ನಡದಲ್ಲಿ, ಮೂರು ತೆಲುಗಿನಲ್ಲಿ,
ಉಳಿದ ಮೂರು ಗಿರಾಕಿಯ ಜೊತೆ ಜಗಳದ ನಡುವೆ.
"ನಾಲ್ಕು, ಸೊನ್ನೆ, ಏಳು... ತೊಮ್ಮಿದಿ, ರೆಂಡು, ತೊಮ್ಮಿದಿ...
ತಡಿಯಪ್ಪಾ, ನಿನ್ನ ಪಹಣಿ ಎಲ್ಲೂ ಓಡಿ ಹೋಗಲ್ಲ!"
ಸಿರುಗುಪ್ಪದ ತಾಲ್ಲೂಕು ಕಚೇರಿ ಎದುರಿನ ಝೆರಾಕ್ಸ್ ಅಂಗಡಿ
ಬಳ್ಳಾರಿಯ ಕೌಲ್ ಬಜಾರಿನಲ್ಲಿ, ನನ್ನ ಟೇಬಲ್ಲಿನ ಮೇಲೆ
ಚೂರು ಚೂರಾಗಿ ತೆರೆಯುತ್ತದೆ.

ಮೊದಲು ಹಾಕಿಕೊಂಡದ್ದು ಎಲ್ಲರೂ ಹೇಳಿದ ಸಾಫ್ಟ್‌ವೇರ್.
ನುಣುಪು. ಬಣ್ಣಗಳು ನಿಜಕ್ಕಿಂತ ಚೆನ್ನ.
ಐದು ನಿಮಿಷಕ್ಕೆ ಪರದೆ ಕಪ್ಪಾಗಿ ಒಂದು ಸಾಲು:
ನೀವು ವ್ಯಾಪಾರಕ್ಕೆ ಬಳಸುತ್ತಿರುವಂತಿದೆ, ದುಡ್ಡು ಕಟ್ಟಿ.
ನಕ್ಕೆ. ಚಿಕ್ಕಮ್ಮ ಈವರೆಗೆ ನನಗೆ ಕೊಟ್ಟದ್ದು
ಬಸ್ಸಿನ ಕಂಡಕ್ಟರ್ ಕೈಲಿ ಕಳಿಸಿದ ಗುರೆಳ್ಳು ಚಟ್ನಿಯ ಡಬ್ಬಿ.
ಆಮೇಲೆ ನೆನಪಾಯಿತು, ಡಬ್ಬಿ ಖಾಲಿ ವಾಪಸ್ ಹೋದದ್ದಿಲ್ಲ.
ಒಮ್ಮೆ ಅದರಲ್ಲಿ ಪ್ರಿಂಟರಿನ ಶಾಯಿ, ಒಮ್ಮೆ ರಬ್ಬರ್ ರೋಲರ್.
ಇದು ಬಳಗವೋ ಬಾಕಿಯೋ
ಸಾಫ್ಟ್‌ವೇರಿಗೂ ತಿಳಿಯಲಿಲ್ಲ, ನನಗೂ.

ಎರಡನೆಯದು ಹಗುರ.
ಕರೆಂಟು ಹೋಗಿ ಬಂದರೂ ತಾನೇ ಎದ್ದು ಕೂಡುತ್ತದೆ.
ಒಂದೇ ಪಾಸ್‌ವರ್ಡ್, ಅಗಳಿಯಿಲ್ಲದ ಬಾಗಿಲು.
ಜೀನ್ಸ್ ಹೊಲಿಸುವ ಗಾದಿಲಿಂಗಪ್ಪನಿಗೆ ಬಹಳ ಹಿಡಿಸಿತು:
"ನಾ ಇರ್ಲಿ ಬಿಡ್ಲಿ, ನೀ ಬಂದು ನೋಡ್ಕೊಂಡು ಹೋಗಕ್ಕಾ,
ನಿನ್ನ ಮುಂದೆ ಮುಚ್ಚೋದೇನೈತೆ?"

ಇತ್ತು.
ರಾತ್ರಿ ಹನ್ನೊಂದಕ್ಕೆ ಬಿಲ್ಲಿಂಗ್ ಸರಿಮಾಡಲು ಹೊಕ್ಕವಳಿಗೆ
ಅವನು ಮುಚ್ಚದೆ ಹೋದ ಹಾಳೆ ಸಿಕ್ಕಿತು, ವಾರದ ಕೂಲಿ.
ಹದಿನಾಲ್ಕನೇ ಸಾಲಿನಲ್ಲಿ ಹುಸೇನ್‌ಬಿ:
ಆರು ದಿನಕ್ಕೆ ನಾಲ್ಕೂವರೆ.
ಆರೂ ದಿನ ನನ್ನ ಅಂಗಡಿ ಮುಂದೆಯೇ ಹಾದು ಹೋದವಳು,
ರೆಪ್ಪೆಯ ಮೇಲೂ ನೀಲಿ ನೂಲಿನ ಧೂಳು ಹೊತ್ತು.
ಬಾಣ ಆ ಸಾಲಿನ ಮೇಲೆ ನಿಂತಿತು.
ತಿದ್ದಬಹುದಿತ್ತು. ನಾಲ್ಕು ಗುಂಡಿಗಳ ಕೆಲಸ.
ಬಿಲ್ಲಿಂಗ್ ಸರಿಮಾಡಿ ಹೊರಬಂದೆ.

ಮರುದಿನ ಅವಳು ಮೊಬೈಲು ಚಾರ್ಜಿಗೆ ಇಟ್ಟು
"ಏನು ಬಿಸ್ಲಮ್ಮಾ" ಅಂದಳು. ಹೌದು ಅಂದೆ.
ನೋಡಿದ್ದನ್ನು ನೋಡದಂತೆ ಮಾಡುವ ಗುಂಡಿ
ಯಾವ ಮೆನುವಿನಲ್ಲೂ ಇಲ್ಲ. ಹುಡುಕಿದ್ದೇನೆ.

ಗಾದಿಲಿಂಗಪ್ಪನಿಗೆ ಹೇಳಿದೆ, ಬೇರೆಯದು ಹಾಕುತ್ತೇನೆ,
ಪ್ರತಿ ಸಲ ಹೊಸ ನಂಬರು, ಪ್ರತಿ ಸಲ ನೀನು ಹೂಂ ಅನ್ನಬೇಕು.
"ಯಾಕಕ್ಕಾ, ನಂಬಿಕಿ ಇಲ್ಲೇನು?"
"ನಿನ್ ಮ್ಯಾಲಲ್ಲ, ನನ್ ಮ್ಯಾಲೆ.
ಹಂಗೇ ಹದಿನಾಲ್ಕನೇ ಸಾಲು ಒಂದ್ಸಲ ನೋಡು."
ಅವನು ನೋಡಿದ್ದು ನನ್ನನ್ನು.
ಆ ತಿಂಗಳ ದುಡ್ಡು ತಡವಾಗಿ ಬಂತು.
ಹುಸೇನ್‌ಬಿಯದು ಎಷ್ಟು ಬಂತೋ, ಕೇಳುವ ಧೈರ್ಯ ಇನ್ನೂ ಬಂದಿಲ್ಲ.

ಈಗಿರುವುದು ಮೂರನೆಯದು. ನಿಧಾನ,
ಒಗೆದು ಒಗೆದು ಮಾಸಿದ ಬಣ್ಣ.
ನಾನು ಒಳಗಿರುವಷ್ಟು ಹೊತ್ತು ಆ ಕಡೆ ಪರದೆಯ ಸುತ್ತ ಕೆಂಪು ಗೆರೆ.
"ಇಳಕಲ್ ಸೀರೆ ದಡಿ ಬಂತು ನೋಡು, ನೀ ಬಂದಿ" ಅನ್ನುತ್ತಾಳೆ ಚಿಕ್ಕಮ್ಮ.
ಫೋನಿನಲ್ಲಿ ನಂಬರು ಕೇಳುವ ಕಳ್ಳರ ಸುದ್ದಿ ಕೇಳಿದಾಗಿನಿಂದ
ಮೊದಲು ನನ್ನ ಪರೀಕ್ಷೆ:
"ಹೋದ ಸಲ ಚಟ್ನಿಗೆ ಏನು ಜಾಸ್ತಿ ಆಗಿತ್ತು?"
"ಬೆಳ್ಳುಳ್ಳಿ."
"ಉಪ್ಪೂ ಆಗಿತ್ತು, ನೀ ಹೇಳಲಿಲ್ಲ. ಇರಲಿ. ಬರ್ಕೋ."

ಒಂದು ಬಾಣಕ್ಕೆ ಎರಡು ಕೈ.
ನಾನು ಎಡಕ್ಕೆಳೆದರೆ ಅವಳು ಬಲಕ್ಕೆ,
ನಡುವೆ ಅದು ನೊಣದಂತೆ ನಡುಗುತ್ತದೆ.
"ನೀ ಕೈ ತೆಗಿ. ತೋರ್ಸಿದ್ದು ಸಾಕು, ನಾ ಒತ್ತೀನಿ."
ಎರಡೂ ಕೈ ಎತ್ತಿ ಕೂತೆ,
ಅವಳಿಗೆ ಕಾಣದಿದ್ದರೂ.
ಬಾಣ ತಾನಾಗಿ ಹೊರಟಿತು, ಗುಂಡಿ ದಾಟಿ ಹೋಯಿತು,
ತಿರುಗಿತು, ಮತ್ತೆ ದಾಟಿತು, ನಿಂತಿತು.
ಫೋನಿನಲ್ಲಿ ಕಾಗದ ಸರಿಯುವ ಸದ್ದು,
ಯಾರೋ ಚಿಲ್ಲರೆ ಎಣಿಸುವ ಸದ್ದು.
ಕೆಂಪು ದಡಿ ಕಳಚಿದ್ದು ಅವಳೇ.