ಒಳಹೊಲಿಗೆ

ಸರಳು ಹೇರಿದ ಲಗೇಜ್ ಆಟೋ
ಹೊಳೆಹೊನ್ನೂರು ರಸ್ತೆಯಲ್ಲಿ ಗಕ್ಕನೆ ನಿಂತಿತು.
ನನ್ನ ಟಿವಿಎಸ್ ನಿಲ್ಲಲಿಲ್ಲ.
ಸರಳಿನ ತುದಿಗೆ ಕಟ್ಟಬೇಕಾದ ಕೆಂಪು ಬಟ್ಟೆ
ಇರಲಿಲ್ಲ. ನನಗೆ ಗೊತ್ತಿರುವುದು ಇಷ್ಟೇ.

ಮುಂದಿನದನ್ನು ಹೇಳಿದವಳು ಪ್ರಮೀಳಾ:
ಮೆಗ್ಗಾನಿನಲ್ಲಿ ನಾಲ್ಕು ತಾಸು, ಐದು ಬಾಟ್ಲಿ ರಕ್ತ,
ಅದರಲ್ಲೊಂದು ಎದುರಂಗಡಿಯ ಇಸ್ತ್ರಿ ಗಫಾರನದು,
ನನಗೆ ಕೊಡಬೇಕಾದ ಮುನ್ನೂರು ರೂಪಾಯಿಗಾಗಿ
ಎರಡು ವರ್ಷ ನಾನು ಮಾತು ಬಿಟ್ಟವನದು.

ಎಚ್ಚರಾದಾಗ ಮೂಗಿಗೊಂದು ನಳಿಕೆ, ಪಕ್ಕೆಗೊಂದು,
ಎದೆಗೂಡಿನ ಕೆಳಗಿಂದ ಹೊಕ್ಕುಳ ಬಳಸಿ
ಉದ್ದಕ್ಕೆ ಒಂದು ಗೆರೆ.
ಗಾಂಧಿಬಜಾರಿನ ಹಿಂದಿನ ಓಣಿಯಲ್ಲಿ
ಮೂವತ್ತೊಂದು ವರ್ಷ ಹೊಲಿದವನು
ಮೊದಲು ಎಣಿಸಿದ್ದು ಟಾಕಾ: ಇಪ್ಪತ್ತಾರು.
ಹೊಕ್ಕುಳ ಹತ್ತಿರ ಎರಡು ಓರೆ.
ಹೇಳಿಯೂಬಿಟ್ಟೆ. ಪಿ.ಜಿ. ಹುಡುಗಿ ನಗಲಿಲ್ಲ:
"ರಾತ್ರಿ ಎರಡೂವರೆಗೆ ಹಾಕಿದ್ದು.
ಒಳಗಿನವು ಓರೆಯಿಲ್ಲ."

ಆಮೇಲೆ ಶುರುವಾಯಿತು ಒಂದೇ ಪ್ರಶ್ನೆ.
ಬೆಳಿಗ್ಗೆ ದೊಡ್ಡ ಡಾಕ್ಟರು: ಗಾಳಿ ಹೋಯ್ತಾ?
ಮಧ್ಯಾಹ್ನ ಗ್ಲಾಡಿಸ್ ಸಿಸ್ಟರು: ಗಾಳಿ ಹೋಯ್ತಾ?
ಕಸ ಗುಡಿಸುವ ಹೊನ್ನಮ್ಮನೂ
ಪೊರಕೆ ನಿಲ್ಲಿಸಿ: ಹೋಯ್ತೇನಣ್ಣಾ?
ಬೇರೆ ಕಡೆಯಾದರೆ ಮೂಗು ಮುಚ್ಚುವ ಜನ
ನನ್ನದೊಂದಕ್ಕೆ ಹೀಗೆ ಕಾದರು
ತಡವಾದ ರೈಲಿಗೆ ಕಾದಂತೆ.
ನಾಲ್ಕು ದಿನ ನೀರೂ ಇಲ್ಲ, ತುಟಿಗೆ ಒದ್ದೆ ಹತ್ತಿ.
ಕಿಟಕಿಯಾಚೆ ಯಾರೋ ಮಂಡಕ್ಕಿ ಕಲಸುತ್ತಿದ್ದರು,
ಈರುಳ್ಳಿ ವಾಸನೆಗೆ ಅಳು ಬಂತು.
ಅತ್ತರೂ ನೋವು.

ಐದನೆಯ ಬೆಳಗಿನ ಜಾವ
ಎಡಪಕ್ಕಕ್ಕೆ ಅಂಟಿಸಿದ್ದ ಚೀಲ ಮೆಲ್ಲಗೆ ಉಬ್ಬಿತು.
ಅಲ್ಲಿಯವರೆಗೆ ಅದನ್ನು ನೋಡಿರಲಿಲ್ಲ ನಾನು:
ಹೊಟ್ಟೆಗೊಂದು ಕಾಜಾ ಹೊಡೆದು
ನನ್ನದೇ ಕರುಳಿನ ತುದಿ ಹೊರಗಿಟ್ಟಿದ್ದರು, ಕೆಂಪಗೆ, ಒದ್ದೆಯಾಗಿ.
"ಮೂರು ತಿಂಗಳು. ಆಮೇಲೆ ಒಳಗೆ ಸೇರಿಸ್ತೀವಿ."
ಪ್ರಮೀಳಾ ಮುಖ ತಿರುಗಿಸುವುದನ್ನೇ ಕಾದೆ.
ಅವಳು ಬಿಸಿನೀರಿಗೆ ಹತ್ತಿ ಅದ್ದಿ
ಸುತ್ತ ಒರೆಸಿದಳು,
"ಹೋಯ್ತು!" ಎಂದು ಇಡೀ ವಾರ್ಡಿಗೆ ಕೂಗಿದಳು.

ಮನೆಗೆ ಬಂದರೆ ಮೆಷಿನ್ ತುಳಿಯಕೂಡದು, ಕೊಡ ಎತ್ತಕೂಡದು.
ಕೂತು ಕೈಯಲ್ಲೇ ಹೊಲಿದೆ ಚೀಲಕ್ಕೊಂದು ಹೊದಿಕೆ,
ಉಳಿಕೆ ಚೌಕಳಿ ಬಟ್ಟೆ, ಸೊಂಟಕ್ಕೆ ಲಾಡಿ.
ಎರಡನೆಯದು ಪಕ್ಕದ ಮಂಚದಲ್ಲಿದ್ದ
ರಿಪ್ಪನ್‌ಪೇಟೆ ಹುಡುಗನಿಗೆ. ಕೋಣ ತಿವಿದಿತ್ತು ಅವನಿಗೆ,
ಇದನ್ನಿಟ್ಟುಕೊಂಡು ಕಾಲೇಜಿಗೆ ಹೋಗಲಾರೆ ಎಂದಿದ್ದ.
ಕಪ್ಪು ಬಣ್ಣದ್ದೇ ಬೇಕು, ಮೇಲೊಂದು ಜೇಬು ಬೇಕು ಅಂದ.
ಜೇಬಿನಲ್ಲೇನಿಡ್ತೀಯೋ?
"ಬಸ್ ಪಾಸ್."

ಮೂರು ತಿಂಗಳೆಂದದ್ದು ಐದಾಯಿತು.
ಕಾಜಾ ಮುಚ್ಚಿದರು. ಮತ್ತೆ ಅದೇ ಪ್ರಶ್ನೆ, ಅದೇ ಕಾಯುವಿಕೆ.
ಗಫಾರ ಮುನ್ನೂರು ಇನ್ನೂ ಕೊಟ್ಟಿಲ್ಲ.
ಸಂಜೆ ಚಹಾ ಮಾತ್ರ ಇಬ್ಬರದೂ ಒಂದೇ ಕಡೆ.

ಈಗ ರವಿಕೆ ಕತ್ತರಿಸಿ ಉಳಿದ ಕೆಂಪು ಚೂರುಗಳನ್ನು
ಡಬ್ಬಿಯಲ್ಲಿ ಕೂಡಿಡುತ್ತೇನೆ.
ಕಬ್ಬಿಣದಂಗಡಿ ಮುಂದೆ ಸರಳು ಹೇರುವಾಗ
ಹೋಗಿ ತುದಿಗೆ ಕಟ್ಟಿ ಬರುತ್ತೇನೆ.
"ಎಷ್ಟಣ್ಣಾ ಇದಕ್ಕೆ?" ಕೇಳಿದ ಒಬ್ಬ ಹೊಸ ಡ್ರೈವರು.
ಶರಟಿನ ಕೆಳಗಿನೆರಡು ಗುಂಡಿ ಬಿಚ್ಚಿ ತೋರಿಸಿದೆ.
ಅವನು ಬೀಡಿ ಆರಿಸಿ, ಹಿಂದಕ್ಕೆ ಬಂದು,
ನಾನು ಹಾಕಿದ ಗಂಟಿನ ಮೇಲೆ
ಇನ್ನೊಂದು ಬಿಗಿದ.