ಕೆಂಪು ಗೆರೆ

ಅಕ್ಕಲಕೋಟ, ಮೈಂದರ್ಗಿ ರಸ್ತೆ. ತಗಡಿನ ಅಂಗಡಿ.
ವಾರ್ನಿಶ್ ವಾಸನೆಯೊಳಗೆ ಕೂತು
ಮಹಾನಂದಾ ಚಿಗವ್ವ ತಾಮ್ರದ ಸುತ್ತು ಎಣಿಸುತ್ತಾಳೆ:
ಅರವತ್ತೆರಡು, ಅರವತ್ತಮೂರು.
ನಡುವೆ ಮಾತಾಡಿಸಿದರೆ ಮತ್ತೆ ಒಂದರಿಂದ.

ಸೊಲ್ಲಾಪುರದ ಚಾದರ ಮಗ್ಗದಿಂದ ಬಂದ ಮೋಟರು
ಸುಟ್ಟ ಕರುಳು ತೆಗೆಸಿಕೊಂಡು, ಹೊಸದು ತುಂಬಿಸಿಕೊಂಡು
ಇವತ್ತು ಪರೀಕ್ಷೆಗೆ ಕೂತಿದೆ.

"ಇದರ ಹೊಟ್ಟ್ಯಾಗ ಅಲೆ ಸುತ್ತತೈತಿ," ಅಂದಳು,
"ನಿಮಿಷಕ್ಕ ಹದಿನೈದುನೂರು. ಕಣ್ಣಿಗೆ ಕಾಣಂಗಿಲ್ಲ.
ನಡುವಿನ ಗುಂಡು ಅದರ ಬೆನ್ನತ್ತಿ ಓಡತೈತಿ,
ಹದಿನಾಕುನೂರಾ ನಲವತ್ತಕ್ಕ ದಮ್ಮು ಹತ್ತತೈತಿ.
ಹಿಂದ ಬಿದ್ದಾವಂಗ ಹಸಿವು ಜಾಸ್ತಿ.
ಅಲೆ ಉಣಿಸಬೇಕು, ಇವ ಉಣ್ಣಬೇಕು."

ಗೋಡೆಯ ಹಳೆ ಮೀಟರಿನಲ್ಲಿ ಅಲ್ಯೂಮಿನಿಯಂ ತಟ್ಟೆ,
ಅದರ ಅಂಚಿಗೊಂದು ಕೆಂಪು ಗೆರೆ.
ಬಂತು, ಹೋಯಿತು. ಬಂತು, ಹೋಯಿತು.

ಆಮೇಲೆ ಡೀಸೆಲ್ ಎಂಜಿನ್ನಿಗೆ ಪಟ್ಟಾ ಹಾಕಿದಳು.
ಅಂಗೈಗೆ ತಾಗುವ ಗಾಳಿಯಲ್ಲೇ ವೇಗ ಅಳೆಯುವವಳು.
ಹದಿನಾಲ್ಕುನೂರ ಎಂಬತ್ತು. ಗೆರೆಗೆ ಮೈಗಳ್ಳತನ.
ಹದಿನೈದುನೂರು, ಮೇಲೊಂದು ಚೂರು.
ನನ್ನ ಕಣ್ಣೆದುರಿಗೇ ನಿಂತಿತು ಗೆರೆ.
ಬೇಡುವುದಿಲ್ಲ, ಕೊಡುವುದಿಲ್ಲ.

"ಇನ್ನಷ್ಟು."
ಎಂಜಿನ್ ಕರಿ ಹೊಗೆ ಉಗುಳಿತು. ಗುಂಡು ಅಲೆಯನ್ನು ಹಿಂದೆ ಹಾಕಿತು.
ಗೆರೆ ನಡುಗಿ
ಬಂದ ದಾರಿ ಹಿಡಿದು ವಾಪಸು ಹೊರಟಿತು.

ಅಲೆ ಅದೇ, ಕಬ್ಬಿಣ ಅದೇ.
ನಾಲ್ಕು ಸುತ್ತು ಮುಂದೆ ಹೋದದ್ದಕ್ಕೆ
ನುಂಗುತ್ತಿದ್ದ ಬಾಯಿ ತುತ್ತಿಡುವ ಕೈಯಾಯಿತು.

ಬೆಳಕನ್ನೇ ನುಂಗುವ ಕಪ್ಪು ಕುಳಿಗಳೂ, ನಾನು ಹೇಳಿದೆ,
ಗರಗರ ತಿರುಗುತ್ತಿದ್ದರೆ
ಪಕ್ಕದಲ್ಲಿ ಹಾದುಹೋಗುವ ಸಾವಕಾಶದ ಅಲೆಗೆ
ತಮ್ಮ ತಿರುಗಿನಲ್ಲಿ ಒಂದು ಹಿಡಿ ಕೊಟ್ಟು ಕಳಿಸುತ್ತವಂತೆ.
ಚಿಗವ್ವ ನಟ್ಟು ಬಿಗಿಯುತ್ತಲೇ ಕೇಳಿದಳು:
"ಅಲ್ಲಿ ಡೀಸೆಲ್ ಯಾರು ಹಾಕತಾರ?"
"ಯಾರೂ ಇಲ್ಲ. ಕೊಟ್ಟಷ್ಟು ಅದರ ತಿರುಗು ಇಳೀತೈತಿ."
"ಹೌದಲಾ ಮತ್ತ. ಪುಕ್ಕಟ ಎಲ್ಲೈತಿ?"

ಎರಡು ನಿಮಿಷ ಓಡಿಸಿ ಬಂದ್ ಮಾಡಿದಳು.
ಗೆರೆ ಎಲ್ಲೋ ಒಳಗಡೆ, ಕಾಣದ ಬದಿಗೆ ನಿಂತಿತ್ತು.
ಪಕ್ಕದಲ್ಲಿ ಮೌಲಾಸಾಬನ ಗಿರಣಿ,
ಅಷ್ಟು ಹೊತ್ತೂ ಜೋಳ ಬೀಸುತ್ತಲೇ ಇತ್ತು.

"ಹೋಗಿ ನಮ್ಮ ಹಿಟ್ಟು ತಾ. ಎರಡು ನಿಮಿಷದ ಬೀಸಾಣಿಕಿ
ನಾವs ಬೀಸೀವಿ ಅನ್ನು, ರೊಕ್ಕ ಮುರಕೊಳ್ಳಾಕ ಹೇಳು."

ಹೇಳಿದೆ. ಮೌಲಾಸಾಬ ನಕ್ಕ,
ಹುಬ್ಬಿನ ಮೇಲಿನ ಹಿಟ್ಟು ಒರೆಸಿಕೊಂಡ,
ಪೂರಾ ಹನ್ನೆರಡು ರೂಪಾಯಿ ಎಣಿಸಿಕೊಂಡ.