ಎತ್ತಿದ ತೋಳಿನ ಅಳತಿ

ಗಡಹಿಂಗ್ಲಜದಾಗ, ಸಂಕೇಶ್ವರದ ಕಡೆ ಹೋಗೂ ರಸ್ತಾಕ್ಕ
ನಮ್ಮ ಶೆಡ್ಡು. ಬೋರ್ಡಿನ ಮ್ಯಾಲ ಮರಾಠಿ, ಒಳಗ ಕನ್ನಡ,
ಬೋಲ್ಟು ಜಾಮಾದರ ಬೈಯೂದು ಎರಡರಾಗೂ.
ಅರ್ಧ ಜಾಗಾ ನನ್ನ ಗಂಡ ಬಾಳಪ್ಪಂದು, ಎಣ್ಣಿ ಕುಡದ ನೆಲಾ.
ಅರ್ಧ ನಂದು: ಹೊಲಿಗಿ ಮಷೀನು, ರೆಕ್ಸಿನ್ನು, ಸೀಟಿನ ಸ್ಪಂಜು.

ಕೊಲ್ಲಾಪುರದಿಂದ ಹಂಬೀರ ಅನ್ನೂ ಹುಡುಗ ಬಂದ.
ಎರಡೇ ಸೀಟಿನ ಕೆಂಪು ಗಾಡಿ, ನೆಲಕ್ಕ ಹೊಟ್ಟಿ ಹಚ್ಚಿ ಮಲಗಿದ್ದು,
ಬೆಕ್ಕಿಗೂ ಕೆಳಗ ಜಾಗಾ ಇಲ್ಲ.
ಡಿಕ್ಕಿಯಿಂದ ನಾಲ್ಕು ಹೊಸಾ ಶಾಕಪ್ಸರ್ ತಗದ,
ಪುಣೆದಿಂದ ತರಿಸಿದ್ದು, ಹಳದಿ, ಡಬ್ಬಿ ಮ್ಯಾಲ ನಂಬರು.
'ಇದೇ ಮಾಡೆಲ್ಲಿಗೆ ಅಂತ ಬರದಾರು. ಕೂಡಿಸಿಬಿಡ್ರಿ.'

ಬಾಳಪ್ಪ ಡಬ್ಬಿ ಓದಲಿಲ್ಲ.
ಸ್ಪ್ರಿಂಗು ಬಿಚ್ಚಿ ಹೊರಗಿಟ್ಟ. ಬರೇ ಗಾಲಿ, ಬರೇ ತೋಳು.
ಕೆಳಗ ಜ್ಯಾಕ್ ಕೊಟ್ಟು ಒಂದೊಂದ ಹಲ್ಲು ಏರಿಸಿದ,
ರಬ್ಬರ್ ಗುಬ್ಬಿ ಒತ್ತಿ ಚಪ್ಪಟಿ ಆಗೂತನಕ.
'ಟೇಪ್ ಹಿಡಿ' ಅಂದ.
ಬೋಲ್ಟಿನ ನಡುವಿಂದ ಬೋಲ್ಟಿನ ನಡುವಿಗೆ
ಹತ್ತೂಕಾಲು ಇಂಚು.
ಹೊಸಾದನ್ನ ನೆಲಕ್ಕೊತ್ತಿ ಪೂರಾ ಮುಚ್ಚಿದರ
ಹತ್ತೂಮುಕ್ಕಾಲು.

'ಬರೇ ಅರ್ಧ ಇಂಚ?' ನಕ್ಕ ಹಂಬೀರ.

ನಂಗ ಹಲಕರ್ಣಿಯ ಮದುಮಗಳು ನೆನಪಾದಳು.
ನಾ ಹೊಲಿಗಿ ಕಲತ ಹೊಸದು.
ತೋಳು ಕೆಳಗ ಬಿಟ್ಟು ನಿಂತಾಕಿಯ ಅಳತಿ ತಗೊಂಡಿದ್ದೆ.
ಮೈಗೆ ಹತ್ತಿದಂಗ ಕುಂತಿತ್ತು ಕುಬಸ, ಎಲ್ಲಾರೂ ಹೊಗಳಿದ್ದರು.
ಮಾಲಿ ಹಾಕಾಕ ಕೈ ಎತ್ತಿದಳು ನೋಡ್ರಿ,
ಬಗಲಾಗ ಪರ್ ಅಂತು.
ಮಾಲಿ ಹಿಡಕೊಂಡು ಅರ್ಧಕ್ಕ ನಿಂತಳು.
'ಮದಿಮಗಾನ ತಲಿ ಬಗ್ಗಸ್ರೋ' ಅಂತ ಯಾರೋ ಕೂಗಿದರು.
ಆವತ್ತಿನಿಂದ ಅಳತಿ ಎರಡು ಸಲ.
ಒಮ್ಮೆ ಕೈ ಕೆಳಗ. ಒಮ್ಮೆ ಕೈ ಮ್ಯಾಲ.

ಹುಡುಗಗ ಇದನ್ನ ಹೇಳಲಿಲ್ಲ. ಬಾಳಪ್ಪ ಹೇಳಿದ್ದು ಬ್ಯಾರೆ:
'ತಗ್ಗಿಗೆ ಬಿದ್ದಾಗ ರಬ್ಬರಿಗಿಂತ ಮೊದಲ ಇದರ ತಳಾ ಹತ್ತತೈತಿ,
ಕಬ್ಬಣಕ್ಕ ಕಬ್ಬಣ. ಗಾಡಿ ಭಾರೆಲ್ಲಾ ಈ ಬೆರಳಿನಂಥಾ ರಾಡಿಗೆ.
ಆಜರಾ ದಾಟಿ ಅಂಬೋಲಿ ಘಾಟಿಗೆ ಹೋಗಾಂವ ನೀ.'
'ಹಂಗಾರ ಗುಬ್ಬಿ ಕೊಯ್ದು ಒಗೀರಿ.'
ಬಾಳಪ್ಪ ಬೀಡಿ ಹಚ್ಚಿದ.
ಅಂವ 'ಇಲ್ಲ' ಅನ್ನೂದು ಹಂಗ.

ಎರಡು ದಿನ ಲೇಥಿನ ಮುಂದ ನಿಂತು
ಮ್ಯಾಲಿನ ಬಟ್ಟಲಾ ಮುಕ್ಕಾಲು ಇಂಚು ಎತ್ತರಿಸಿದ.
ಒತ್ತಿದಾಗ ಈಗ ಕಾಲಿಂಚು ಖಾಲಿ. ಆದರ
ಗಾಲಿ ಗಾಳ್ಯಾಗ ಜೋತಾಗ, ಮೊದಲ ಸರಿ ಇದ್ದದ್ದು,
ಶಾಕಪ್ಸರ್ ಪೂರಾ ಚಾಚಿ ತನ್ನ ಕೊಳ್ಳಿಗೇ ಗಾಲಿ ತೂಗಸಾಕ ಹತ್ತಿತು.
ಸೆರಗು ಉದ್ದ ಬಿಟ್ಟರ ನಿರಿಗಿ ಕಡಿಮಿ ಬೀಳತಾವಲ್ಲ, ಹಂಗ.

ಆಗ ನನ್ನ ಕಡೆ ತಿರುಗಿದ.
ಹದಿನೇಳು ವರ್ಷದಾಗ ಗಾಡಿ ಕೆಳಗಿನ ಕೆಲಸ
ನನ್ನ ಮಷೀನಿಗೆ ಬಂದದ್ದು ಅದೇ ಮೊದಲು.
ಹಳೇ ಸೀಟ್ ಬೆಲ್ಟಿನ ಪಟ್ಟಿ, ನಾಲ್ಕು ಪದರ,
ಚೌಕ ಹೊಲಿಗಿ, ಚೌಕದೊಳಗ ಕತ್ರಿ ಗೆರಿ.
ಎರಡು ಸೂಜಿ ಮುರದವು.
ಯಾರೂ ನೋಡದ ಜಾಗಾಕ್ಕ, ಕೆಸರು ಸಿಡಿಯೂ ಜಾಗಾಕ್ಕ
ಇಷ್ಟು ಚಂದ ಹೊಲದದ್ದು ನೆನಪಿಲ್ಲ ನಂಗ.
ಶಾಕಪ್ಸರ್ ಕೊನಿ ಮುಟ್ಟೂಕ್ಕಿಂತ ಕಾಲಿಂಚು ಮೊದಲ
ಪಟ್ಟಿ ಬಿಗಿದು ಗಾಲಿ ಹಿಡೀತೈತಿ.

ಹೋಗೂ ಮುಂದ ನಾಲ್ಕೂ ರಾಡಿಗೆ
ಕೆಂಪು ದಾರ ಒಂದೊಂದು ಸುತ್ತು ಬಿಗದೆ.
'ಪೂಜಾ ಏನ್ರಿ ಕಾಕು?'
'ಅಳತಿ' ಅಂದೆ.

ಸೋಮವಾರ ಬಂದ. ಬಾಗಲತನಕ ಕೆಮ್ಮಣ್ಣು,
ಹೆಂಗ ಓಡಿಸ್ಯಾನ ಅಂತ ಕೇಳೂದ ಬ್ಯಾಡ.
ಬಾಳಪ್ಪ ಬ್ಯಾಟರಿ ಹಿಡಿದ, ನಾ ಅಂಗಾತ ಮಲಗಿ ಒಳಗ ಸರದೆ.
ದಾರ ಒತ್ತಿಸಿಕೊಂತ ಹೋಗಿ, ರಾಡಿನ ಬುಡದ ಹತ್ತರ
ನಿಂತಿತ್ತು.
'ಎಷ್ಟ ಉಳದೈತಿ, ನಿಂಬೆವ್ವಾ?'
ಟೇಪು ಅಲ್ಲೇ ಮಷೀನಿನ ಕೊಳ್ಳಾಗ.
'ಕುಬಸದ ಒಂದು ಹುಕ್ಕಿನಷ್ಟು' ಅಂದೆ.